ನಿತ್ಯದ ಕೆಲಸಗಳಲ್ಲಿ ಅವಧಾನ

ಅಕ್ಕಿಯನ್ನು ಮೊರದಲ್ಲಿ ಹರವಿ ಕಲ್ಲನ್ನಾರಿಸುವ ಕೆಲಸವನ್ನು ನಮ್ಮಲ್ಲಿ ಬಹುಮಂದಿ ಚಿಕ್ಕಂದಿನಲ್ಲಿ ಮಾಡಿದವರೇ ಆಗಿದ್ದೇವೆ. ಕೆಲಸವು ಅಲ್ಪವಾದುದು, ಅದಕ್ಕೆ ಬಲವೂ ಬೇಡ, ವಿದ್ಯೆಯೂ ಬೇಡ. ಆದರೆ ಕಣ್ಣು ಮೊರದ ಮೇಲಿದ್ದು ಮನಸ್ಸು ಬೀದಿಯ ವಾದ್ಯದ ಹಿಂದೆ ಹೋಯಿತೆಂದರೆ, ಬಿಳಿಯ ಕಲ್ಲೊಂದು ಅಕ್ಕಿಯ ಸಂಗಡವೇ ಸಾಗಿಹೋಗಿ, ಊಟದ ಹೊತ್ತಿನಲ್ಲಿ ಮನೆಯ ಹಿರಿಯರ ಹಲ್ಲಿಗೆ ಸಿಕ್ಕಿ ತನ್ನ ಇರವನ್ನು ತಿಳಿಸುವುದು. "ಕಣ್ಣು ಎಲ್ಲಿಟ್ಟಿದ್ದೆ?" ಎಂದು ಆಗ ನಮ್ಮನ್ನು ಗದರಿಸುತ್ತಿದ್ದರು. ನಿಜವಾಗಿ ಕಣ್ಣು ಇರಬೇಕಾದಲ್ಲಿಯೇ ಇತ್ತು, ಇಲ್ಲದಿದ್ದುದು ಮನಸ್ಸು. ಈ ಇಲ್ಲದಿರುವಿಕೆಯಿಂದ ಆಗುವ ನಷ್ಟವೇನು, ಹೊರಟುಹೋದ ಮನಸ್ಸನ್ನು ಮರಳಿ ಕರೆತರುವ ಅಭ್ಯಾಸವು ಎಂತಹದು ಎಂಬುದನ್ನು ಈ ಸಂಚಿಕೆಯ ವಾಚಕರ ಮುಂದೆ, ವಿಶೇಷವಾಗಿ ನಮ್ಮ ವಿದ್ಯಾರ್ಥಿನಿಯರ ಮುಂದೆ, ಕೆಲವೇ ಮಾತುಗಳಲ್ಲಿ ಇಡಬೇಕೆಂದು ಬಯಸಿದ್ದೇನೆ.

ಈ ಅಭ್ಯಾಸವನ್ನು ಇಂಗ್ಲಿಷಿನಲ್ಲಿ 'ಮೈಂಡ್‌ಫುಲ್‌ನೆಸ್' ಎಂದು ಕರೆಯುವರು. ವೈದ್ಯರ ಬಾಯಲ್ಲಿಯೂ ಪತ್ರಿಕೆಗಳಲ್ಲಿಯೂ ಈಗ ಈ ಮಾತು ಬಹಳವಾಗಿ ಕೇಳಿಬರುವುದರಿಂದ ಇದೊಂದು ಹೊಸ ಸಂಗತಿಯೆಂದು ಕೆಲವರು ಭಾವಿಸುವುದುಂಟು. ಆದರೆ ಇದರ ಮೂಲವು ಬಹು ಹಳೆಯದು. ಬೌದ್ಧರ ಪಾಲಿ ಗ್ರಂಥಗಳಲ್ಲಿ ಬರುವ 'ಸತಿ' ಎಂಬ ಶಬ್ದಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ರೀಸ್ ಡೇವಿಡ್ಸ್ ಎಂಬ ವಿದ್ವಾಂಸರು ಈ ಇಂಗ್ಲಿಷ್ ಶಬ್ದವನ್ನು ಬಳಸಿದರು. ಪಾಲಿಯ 'ಸತಿ' ಎಂದರೆ ಸಂಸ್ಕೃತದ 'ಸ್ಮೃತಿ'. ಪತ್ನಿಯೆಂಬ ಅರ್ಥದಲ್ಲಿ ನಾವು ಹೇಳುವ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ಸ್ಮೃತಿಯೆಂದರೆ ನೆನಪು. ತಾನು ಈಗ ಎಲ್ಲಿರುವೆನು, ಏನು ಮಾಡುತ್ತಿರುವೆನು ಎಂಬುದನ್ನು ಮರೆಯದಿರುವುದೇ ಇಲ್ಲಿ ಹೇಳಿರುವ ನೆನಪು. ಕನ್ನಡದಲ್ಲಿ ಇದಕ್ಕೆ ಅವಧಾನವೆಂಬ ಹೆಸರು ಚೆನ್ನಾಗಿ ಒಪ್ಪುವುದು. ಅಷ್ಟಾವಧಾನಿಗಳು ಎಂಟು ವಿಷಯಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದು ಸಭೆಯನ್ನು ಬೆರಗುಗೊಳಿಸುವರು. ಅಂತಹ ಪ್ರತಿಭೆಯು ಸಾವಿರದಲ್ಲೊಬ್ಬರಿಗೆ ದೊರೆಯುವುದು. ನಾವು ಇಲ್ಲಿ ವಿಚಾರಿಸುವುದಾದರೋ ಏಕಾವಧಾನವನ್ನು. ಒಂದು ಹೊತ್ತಿಗೆ ಒಂದೇ ವಿಷಯ. ಇದು ಯಾರಿಗೂ ಸಾಧ್ಯವಾದುದು.

ಪಾಲಿಯ ಮಜ್ಝಿಮ ನಿಕಾಯದಲ್ಲಿ 'ಸತಿಪಟ್ಠಾನ ಸುತ್ತ' ಎಂಬ ಉಪದೇಶವೊಂದಿದೆ. ಉಸಿರನ್ನು ಗಮನಿಸುವುದರಿಂದ ಅದು ಆರಂಭವಾಗುವುದಾದರೂ ಅಲ್ಲಿಗೇ ನಿಲ್ಲುವುದಿಲ್ಲ. ನಡೆಯುವಾಗ, ನಿಂತಿರುವಾಗ, ಕುಳಿತಿರುವಾಗ, ಮಲಗಿರುವಾಗ, ಉಣ್ಣುವಾಗ, ಮಾತನಾಡುವಾಗ, ಸುಮ್ಮನಿರುವಾಗ ಸಹ ಈ ಎಚ್ಚರವಿರಬೇಕೆಂದು ಅದು ವಿಧಿಸುತ್ತದೆ. ಧ್ಯಾನವೆಂದರೆ ಸಂಸಾರವನ್ನು ಬಿಟ್ಟು ಗುಹೆಯನ್ನು ಸೇರಿದವರಿಗೆ ಮಾತ್ರ ಮೀಸಲಾದುದೆಂದು ತಿಳಿದವರು ಇದನ್ನು ಗಮನಿಸತಕ್ಕದ್ದು.

ಕ್ರೈಸ್ತರಲ್ಲಿಯೂ ಇದಕ್ಕೆ ಹತ್ತಿರವಾದ ದೃಷ್ಟಾಂತವುಂಟು. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಮಠದಲ್ಲಿ ಲಾರೆನ್ಸ್ ಎಂಬ ಸಹೋದರನಿದ್ದನು. ಮೊದಲು ಸಿಪಾಯಿಯಾಗಿದ್ದು, ಗಾಯಗೊಂಡು, ಅನಂತರ ಮಠವನ್ನು ಸೇರಿದ ಆತನ ಪಾಲಿಗೆ ಅಡಿಗೆಮನೆಯ ಕೆಲಸವು ಬಂದಿತು. ಆ ಕೆಲಸವೆಂದರೆ ಆತನಿಗೆ ಸ್ವಭಾವತಃ ಬೇಸರ. ಆದರೂ ದೇವರು ತನ್ನ ಬಳಿಯಲ್ಲಿಯೇ ಇರುವನೆಂಬ ನೆನಪನ್ನು ಪ್ರತಿಯೊಂದು ಸಣ್ಣ ಕೆಲಸದಲ್ಲಿಯೂ ಕಾಪಾಡಿಕೊಳ್ಳುತ್ತ, ಪಾತ್ರೆಗಳ ಸದ್ದಿನ ನಡುವೆಯೂ ಪ್ರಾರ್ಥನೆಯ ಹೊತ್ತಿನ ಶಾಂತಿಯನ್ನೇ ಪಡೆಯಲು ಕಲಿತನು. ೧೬೯೧ರಲ್ಲಿ ಆತನು ತೀರಿಕೊಂಡ ಮೇಲೆ ಆತನ ಸಂಭಾಷಣೆಗಳೂ ಪತ್ರಗಳೂ ಪುಸ್ತಕರೂಪದಲ್ಲಿ ಹೊರಬಂದವು. ಆತನು ಮನಸ್ಸನ್ನು ನಿಲ್ಲಿಸಿದುದು ದೇವರ ಸಾನ್ನಿಧ್ಯದಲ್ಲಿ. ಬೌದ್ಧ ಭಿಕ್ಷುವು ನಿಲ್ಲಿಸುವುದು ತನ್ನ ಉಸಿರಿನಲ್ಲಿ. ಈ ಎರಡನ್ನೂ ಒಂದೆಂದು ಹೇಳುವುದು ಎರಡಕ್ಕೂ ಅನ್ಯಾಯವಾದೀತು. ಆದರೆ ಕೀಳೆಂದು ತೋರುವ ಕೆಲಸವೂ ಮನಸ್ಸಿಗೆ ಪಾಠಶಾಲೆಯಾಗಬಲ್ಲುದೆಂಬುದರಲ್ಲಿ ಅವು ಒಂದುಗೂಡುತ್ತವೆ.

ನಮ್ಮ ಕಾಲಕ್ಕೆ ಸಮೀಪದವರಾದ ವಿಯೆಟ್ನಾಮಿನ ಭಿಕ್ಷು ತಿಕ್ ನ್ಯಾತ್ ಹಾನ್ ಅವರು ೧೯೭೪ರಲ್ಲಿ ತಮ್ಮ ದೇಶದ ಸಮಾಜಸೇವಕರೊಬ್ಬರಿಗೆ ದೀರ್ಘವಾದ ಪತ್ರವೊಂದನ್ನು ಬರೆದರು. ಆಗ ಅಲ್ಲಿ ಯುದ್ಧ ನಡೆಯುತ್ತಿತ್ತು. ಸೇವಕರು ಹಗಲಿರುಳು ದುಡಿದು, ದುಃಖವನ್ನು ಕಂಡು ಬಳಲುತ್ತಿದ್ದರು. ಧ್ಯಾನಕ್ಕಾಗಿ ಬೇರೆ ಹೊತ್ತನ್ನು ಕೇಳುವ ಸ್ಥಿತಿ ಅವರದಾಗಿರಲಿಲ್ಲ. ಆದುದರಿಂದ ಕೆಲಸದೊಳಗೇ ಧ್ಯಾನವನ್ನು ಕಾಣುವ ಬಗೆಯನ್ನು ಅವರು ತಿಳಿಸಿದರು. ಪಾತ್ರೆ ತೊಳೆಯುವವನು ಅನಂತರ ಕುಡಿಯುವ ಚಹದ ಆಸೆಯಿಂದ ತೊಳೆಯಬಾರದು. ತೊಳೆಯುವುದರಲ್ಲಿಯೇ ಇರಬೇಕೆಂಬುದು ಅವರ ಬೋಧೆ. ಆ ಪತ್ರವೇ ಮುಂದೆ ಪುಸ್ತಕವಾಗಿ ಲೋಕದಲ್ಲೆಲ್ಲ ಹರಡಿತು. ೧೯೭೯ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಜಿನ್ ಎಂಬವರು, ಬಹುಕಾಲದ ನೋವಿನಿಂದ ನರಳುವ ರೋಗಿಗಳಿಗಾಗಿ ಈ ಅಭ್ಯಾಸವನ್ನು ಮತಭೇದವಿಲ್ಲದೆ ಕಲಿಸಲು ತೊಡಗಿದರು. ಅವರ ಶಿಕ್ಷಣಕ್ರಮವು ೮ ವಾರಗಳದು. ಅದರ ಮೊದಲ ಪಾಠಗಳಲ್ಲೊಂದು ಒಂದು ಒಣದ್ರಾಕ್ಷಿಯನ್ನು ತಿನ್ನುವುದು! ಅದನ್ನು ನೋಡಿ, ಮುಟ್ಟಿ, ಮೂಸಿ, ನಾಲಗೆಯ ಮೇಲಿಟ್ಟು, ನಿಧಾನವಾಗಿ ಅಗಿದು ನುಂಗಬೇಕು. ಬಾಳೆಲ್ಲ ದ್ರಾಕ್ಷಿಯನ್ನು ತಿಂದವರೂ ಅದರ ರುಚಿಯನ್ನು ಅಂದೇ ಮೊದಲು ಕಂಡಂತೆ ಬೆರಗಾಗುವುದುಂಟು.

ಮನಸ್ಸು ಎಷ್ಟು ಹೊತ್ತು ಮನೆಯಲ್ಲಿರುತ್ತದೆ, ಎಷ್ಟು ಹೊತ್ತು ಊರು ಸುತ್ತುತ್ತದೆ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ೨,೨೫೦ ಮಂದಿ ವಯಸ್ಕರನ್ನು, ದಿನದ ಯಾವುದೋ ಹೊತ್ತಿನಲ್ಲಿ ಮೊಬೈಲಿನ ಮೂಲಕ ಎಚ್ಚರಿಸಿ, "ಈಗ ಏನು ಮಾಡುತ್ತಿದ್ದೀರಿ? ಏನನ್ನು ಯೋಚಿಸುತ್ತಿದ್ದೀರಿ? ಹೇಗಿದ್ದೀರಿ?" ಎಂದು ವಿಚಾರಿಸಿದರು. ೨೦೧೦ರಲ್ಲಿ ಪ್ರಕಟವಾದ ಅದರ ಫಲವು ಹೀಗಿದೆ: ನೂರಕ್ಕೆ ಸುಮಾರು ೪೭ ಬಾರಿ ಅವರ ಮನಸ್ಸು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬೇರೆಡೆಯಲ್ಲಿತ್ತು, ಹಾಗೆ ಅಲೆಯುತ್ತಿದ್ದಾಗ ಅವರ ಸಂತೋಷವು ಕಡಿಮೆಯಾಗಿಯೇ ಇತ್ತು. ಸುಖದ ವಿಷಯವನ್ನೇ ನೆನೆಯುತ್ತಿದ್ದವರು ಕೂಡ ಕೆಲಸದಲ್ಲಿ ಮನಸ್ಸಿಟ್ಟವರಿಗಿಂತ ಹೆಚ್ಚು ಸುಖಿಗಳಾಗಿರಲಿಲ್ಲ. ಎಂದರೆ ನಮ್ಮ ಆಯುಸ್ಸಿನ ಅರ್ಧದಷ್ಟು ನಮ್ಮ ಕೈಗೆ ಬಂದೂ ಬಾರದಂತೆ ಜಾರಿಹೋಗುತ್ತಿದೆ.

ಈ ಅಭ್ಯಾಸದ ವಿಷಯದಲ್ಲಿ ಜನರಲ್ಲಿರುವ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಹೋಗಲಾಡಿಸಬೇಕು. ಮನಸ್ಸನ್ನು ಬರಿದು ಮಾಡಿಕೊಳ್ಳುವುದೇ ಧ್ಯಾನವೆಂದು ಹಲವರು ನಂಬಿದ್ದಾರೆ. ಅಂಥವರು ಒಂದು ದಿನ ಕಣ್ಮುಚ್ಚಿ ಕುಳಿತು, ನೂರು ಯೋಚನೆಗಳು ನುಗ್ಗುವುದನ್ನು ಕಂಡು, "ಇದು ನನ್ನಿಂದಾಗದು" ಎಂದು ಎದ್ದುಬಿಡುವರು. ಯೋಚನೆಗಳು ಬರುವುದು ಮನಸ್ಸಿನ ಸ್ವಭಾವ. ಹೃದಯವು ಮಿಡಿಯುವಂತೆ, ಶ್ವಾಸಕೋಶಗಳು ಉಸಿರಾಡುವಂತೆ. ಮನಸ್ಸು ಹೊರಟುಹೋಯಿತೆಂದು ತಿಳಿಯುವುದು, ತಿಳಿದೊಡನೆ ಅದನ್ನು ಮೆಲ್ಲನೆ ಹಿಂದಕ್ಕೆ ತರುವುದು—ಇಷ್ಟೇ ನಮ್ಮ ಕೆಲಸ. ಐದು ನಿಮಿಷಗಳಲ್ಲಿ ಇಪ್ಪತ್ತು ಸಲ ಓಡಿಹೋದರೆ ಇಪ್ಪತ್ತು ಸಲ ತರುವುದು. ಆ ಇಪ್ಪತ್ತು ಸೋಲುಗಳೇ ಇಪ್ಪತ್ತು ಅಭ್ಯಾಸಗಳು. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಅವರು ೧೮೯೦ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ, ಅಲೆಯುವ ಗಮನವನ್ನು ಮತ್ತೆ ಮತ್ತೆ ತನ್ನಿಚ್ಛೆಯಿಂದ ಹಿಂದಕ್ಕೆ ತರುವ ಶಕ್ತಿಯೇ ವಿವೇಕಕ್ಕೂ ಶೀಲಕ್ಕೂ ಬೇರೆಂದು ಹೇಳಿ, ಅದನ್ನು ಬೆಳೆಸುವ ವಿದ್ಯೆಯೇ ಉತ್ತಮ ವಿದ್ಯೆಯೆಂದು ಅಭಿಪ್ರಾಯಪಟ್ಟಿದ್ದಾರೆ.

ಇನ್ನು ಅಭ್ಯಾಸದ ಕ್ರಮವನ್ನು ನೋಡೋಣ. ಬೆಳಿಗ್ಗೆ ಎದ್ದೊಡನೆ ಐದು ನಿಮಿಷ ನೆಟ್ಟಗೆ, ಆದರೆ ಸೆಟೆದುಕೊಳ್ಳದೆ ಕುಳಿತುಕೊಳ್ಳಿರಿ. ಕುರ್ಚಿಯಾದರೂ ಸರಿ, ಚಾಪೆಯಾದರೂ ಸರಿ. ಉಸಿರನ್ನು ಬಿಗಿಹಿಡಿಯಬೇಡಿರಿ, ಅದು ಹೇಗೆ ಬರುವುದೋ ಹಾಗೆಯೇ ಬರಲಿ. ಮೂಗಿನ ತುದಿಯಲ್ಲಿ ತಂಪಾಗಿ ಒಳಹೋಗುವುದನ್ನೂ ಬೆಚ್ಚಗೆ ಹೊರಬರುವುದನ್ನೂ ಗಮನಿಸುತ್ತಿರಿ. ಇದು ಬೀಜ. ಈ ಬೀಜವನ್ನು ಬಿತ್ತುವ ಹೊಲವು ದಿನದ ಉಳಿದ ಹೊತ್ತು.

ಮುಖ ತೊಳೆಯುವಾಗ ನೀರಿನ ತಂಪು ತಿಳಿಯಲಿ. ಜಡೆ ಹೆಣೆಯುವಾಗ ಮೂರು ಕಾಲುಗಳೂ ಬೆರಳಿಗೆ ತಿಳಿಯಲಿ. ಶಾಲೆಗೆ ನಡೆದು ಬರುವ ದಾರಿಯಲ್ಲಿ ಒಂದು ಮರದಿಂದ ಇನ್ನೊಂದು ಮರದವರೆಗಾದರೂ ಅಂಗಾಲು ನೆಲವನ್ನು ಮುಟ್ಟುವುದನ್ನು ಗಮನಿಸಿರಿ. ರಸ್ತೆಯನ್ನು ದಾಟುವಾಗ ಮಾತ್ರ ಗಮನವೆಲ್ಲ ವಾಹನಗಳ ಮೇಲಿರಲಿ, ಅದೂ ಅವಧಾನವೇ. ಊಟಕ್ಕೆ ಕುಳಿತಾಗ ಮೊದಲಿನ ಮೂರು ತುತ್ತುಗಳನ್ನಾದರೂ ಮಾತಿಲ್ಲದೆ, ಪುಸ್ತಕವಿಲ್ಲದೆ, ಮೊಬೈಲಿಲ್ಲದೆ ಉಣ್ಣಿರಿ. ಎಲ್ಲ ಕೆಲಸಗಳನ್ನೂ ಒಂದೇ ದಿನ ಹಿಡಿಯಬೇಡಿರಿ. ಒಂದು ವಾರಕ್ಕೆ ಒಂದು ಕೆಲಸ ಸಾಕು. ಶಾಲೆಯ ಗಂಟೆಯು ಬಾರಿಸಿದಾಗಲೆಲ್ಲ ಒಂದು ಉಸಿರನ್ನು ಪೂರ್ತಿಯಾಗಿ ಗಮನಿಸುವೆನೆಂದು ನಿಶ್ಚಯಿಸಿಕೊಂಡರೆ, ಗಂಟೆಯೇ ನಿಮಗೆ ನೆನಪು ಮಾಡಿಕೊಡುವ ಗೆಳತಿಯಾಗುವುದು.

ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆಯು ಕೈಗೆ ಬಂದಾಗ ಎದೆ ಡವಡವನೆ ಹೊಡೆದುಕೊಳ್ಳುವುದು ಅನೇಕರ ಅನುಭವ. ನಾವು ಉಸಿರನ್ನು ಹೊರಬಿಡುವಾಗ ಹೃದಯದ ಬಡಿತವು ಸ್ವಲ್ಪ ನಿಧಾನವಾಗುವುದು ಶರೀರದ ಧರ್ಮ. ಆದುದರಿಂದ ನಾಲ್ಕೈದು ಸಲ ಉಸಿರನ್ನು ದೀರ್ಘವಾಗಿ ಹೊರಬಿಟ್ಟು, "ಇದು ಭಯ, ಬಂದಿದೆ" ಎಂದು ಅದನ್ನು ಹೆಸರಿಟ್ಟು ಗುರುತಿಸಿ, ಮೊದಲ ಪ್ರಶ್ನೆಯನ್ನು ಓದಿರಿ. ಭಯವು ಪೂರ್ತಿಯಾಗಿ ಹೋಗದಿರಬಹುದು. ಭಯದ ಜತೆಯಲ್ಲಿಯೇ ಬರೆಯಬಹುದೆಂಬುದು ಮಾತ್ರ ತಿಳಿದುಬರುವುದು.

ಆದರೆ ಅವಧಾನದಿಂದ ನಮಗಾಗುವ ಶಾಂತಿಗಿಂತಲೂ ಅದಿಲ್ಲದೆ ಇತರರಿಗಾಗುವ ನಷ್ಟವೇ ದೊಡ್ಡದೆಂಬುದನ್ನು ನಾನು ತಡವಾಗಿ ಕಲಿತೆನು. ಹಲವು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ ನಾನು ಹೊಸದಾಗಿ ಉಪಾಧ್ಯಾಯಿನಿಯಾಗಿದ್ದೆನು. ಒಂದು ಸಂಜೆ ಗಂಟೆ ಬಾರಿಸಿದ ಮೇಲೆ ಪ್ರಬಂಧದ ಪುಸ್ತಕಗಳನ್ನು ತಿದ್ದುತ್ತ ಕುಳಿತಿದ್ದಾಗ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮೇಜಿನ ಬಳಿ ಬಂದು, "ಟೀಚರ್, ನಾಳೆಯಿಂದ ನಾನು ಬರೋದಿಲ್ಲ" ಎಂದಳು. ನಾನು ತಲೆಯೆತ್ತದೆ, "ಆಗಲಿ, ಮನೆಯಿಂದ ರಜೆಯ ಚೀಟಿ ಬರೆಸಿಕೊಂಡು ಬಾ" ಎಂದೆನು. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು. ಅವಳು ಹೇಳಿದುದು 'ನಾಳೆಯಿಂದ' ಎಂದು. ನಾನು ಕೇಳಿಸಿಕೊಂಡುದು 'ನಾಳೆ' ಎಂದು. ಶುಲ್ಕವನ್ನು ಕಟ್ಟಲಾರದೆ ಅವಳ ತಂದೆ ಅವಳನ್ನು ಬಿಡಿಸಿದ್ದರೆಂದು ನನಗೆ ತಿಳಿದುದು ಎರಡು ವಾರಗಳಾದ ಮೇಲೆ. ಶುಲ್ಕದ ವಿನಾಯಿತಿಗೆ ಒಂದು ಅರ್ಜಿಯನ್ನು ಬರೆಯುವುದು ನನ್ನಿಂದ ಆಗಬಹುದಾಗಿದ್ದ ಕೆಲಸ. ಅಷ್ಟರಲ್ಲಿ ಆ ಸಂಸಾರವು ಊರನ್ನೇ ಬಿಟ್ಟು ಹೋಗಿತ್ತು. ಅಂದು ನಾನು ತಿದ್ದಿದ ಪ್ರಬಂಧಗಳಲ್ಲಿ ಒಂದರ ವಿಷಯವೂ ನನಗೆ ನೆನಪಿಲ್ಲ. ಆ ಹುಡುಗಿಯು ನಿಂತಿದ್ದ ಸ್ಥಳವು ಮಾತ್ರ ನೆನಪಿದೆ.

ಅಂದಿನಿಂದ, ಯಾರಾದರೂ ಬಳಿಗೆ ಬಂದು ಮಾತನಾಡಿದರೆ ಲೇಖನಿಯನ್ನು ಕೆಳಗಿಟ್ಟು ಅವರ ಮುಖವನ್ನು ನೋಡುವುದನ್ನು ನಿಯಮವಾಗಿ ಇಟ್ಟುಕೊಂಡಿದ್ದೇನೆ. ಎಷ್ಟೋ ಸಲ ಮರೆಯುತ್ತೇನೆ, ನೆನಪಾದಾಗ ಕೆಳಗಿಡುತ್ತೇನೆ. ಕೇಳುವುದು ಸಹ ಧ್ಯಾನವೇ ಎಂಬುದು ನನ್ನ ನಂಬಿಕೆ. ಇದಕ್ಕೆ ಬೇರೆ ಹೊತ್ತು ಬೇಡ. ಆಡುವವರು ಆಡುವಷ್ಟು ಹೊತ್ತು ಸಾಕು.

ಈ ಅಭ್ಯಾಸವನ್ನು ಹೊಗಳುವವರು ಅದರ ಎಲ್ಲೆಯನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿಯೂ ಸುತ್ತಲಿನ ಪ್ರಾಂತಗಳಲ್ಲಿಯೂ ೮,೦೦೦ಕ್ಕೂ ಮೇಲ್ಪಟ್ಟ ಶಾಲಾಮಕ್ಕಳನ್ನು ಸೇರಿಸಿಕೊಂಡು ನಡೆಸಿದ ದೊಡ್ಡ ಪರೀಕ್ಷಣವೊಂದರ ಫಲವು ೨೦೨೨ರಲ್ಲಿ ಪ್ರಕಟವಾಯಿತು. ಶಾಲೆಯಲ್ಲಿ ಅವಧಾನದ ಪಾಠವನ್ನು ಕೇಳಿದ ಮಕ್ಕಳ ಮನಸ್ಸಿನ ಆರೋಗ್ಯವು, ಕೇಳದ ಮಕ್ಕಳಿಗಿಂತ ಉತ್ತಮವಾಗಲಿಲ್ಲವೆಂದು ಅದರಲ್ಲಿ ಕಂಡುಬಂದಿತು. ಆ ಮಕ್ಕಳಲ್ಲಿ ಬಹುಮಂದಿ ಮನೆಯಲ್ಲಿ ಅಭ್ಯಾಸವನ್ನು ಮಾಡಲಿಲ್ಲವೆಂದೂ ತಿಳಿಯಿತು. ಈಜುವುದನ್ನು ಹಲಗೆಯ ಮೇಲೆ ಬರೆದು ಕಲಿಸಲಾಗದಷ್ಟೆ. ಇದಲ್ಲದೆ, ಹಸಿವಿಗೆ ಅನ್ನವೇ ಬೇಕು, ಆಯಾಸಕ್ಕೆ ನಿದ್ರೆಯೇ ಬೇಕು, ಅನ್ಯಾಯಕ್ಕೆ ನ್ಯಾಯವೇ ಬೇಕು. ಇವುಗಳ ಸ್ಥಾನದಲ್ಲಿ ಉಸಿರನ್ನು ಗಮನಿಸೆಂದು ಹೇಳುವುದು ಕ್ರೌರ್ಯ. ದುಃಖವು ಭಾರವಾಗಿರುವವರಿಗೆ ಕಣ್ಮುಚ್ಚಿ ಕುಳಿತರೆ ಅದು ಇನ್ನಷ್ಟು ಭಾರವಾಗಿ ತೋರುವುದುಂಟು. ಅಂಥವರು ಕಣ್ತೆರೆದು, ತಾಯಿಯ ಬಳಿಗೋ ನಂಬಿಕೆಯ ಉಪಾಧ್ಯಾಯಿನಿಯ ಬಳಿಗೋ ವೈದ್ಯರ ಬಳಿಗೋ ಹೋಗಿ ಮನಸ್ಸನ್ನು ಹೇಳಿಕೊಳ್ಳಬೇಕು. ಕೇಳುವವರು ಲೇಖನಿಯನ್ನು ಕೆಳಗಿಡಬೇಕು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಈ ವರ್ಷ ಶಾಲೆಯನ್ನು ಬಿಟ್ಟು ಹೋಗುವವರಿದ್ದೀರಿ. ಕಾಲೇಜು, ಉದ್ಯೋಗ, ಮನೆವಾರ್ತೆ ಎಂದು ನಿಮ್ಮ ಕೈಗಳಿಗೆ ಕೆಲಸಗಳು ಒಂದರ ಮೇಲೊಂದು ಬಂದು ಬೀಳುವುವು. ಎಲ್ಲವನ್ನೂ ಚೆನ್ನಾಗಿ ಮಾಡಲು ಯಾರಿಂದಲೂ ಆಗದು. ಮಾಡುವಾಗ ಅಲ್ಲಿರುವುದು ಮಾತ್ರ ಎಲ್ಲರಿಂದಲೂ ಆಗುವುದು. ಇಂದು ಸಂಜೆ ಮನೆಗೆ ಹೋದಾಗ ಒಂದು ಲೋಟವನ್ನು ತೊಳೆಯಿರಿ. ತೊಳೆಯುವಷ್ಟು ಹೊತ್ತು ಆ ಲೋಟದ ಬಳಿಯಲ್ಲಿಯೇ ಇರಿ. ಮನಸ್ಸು ಹೊರಟುಹೋದರೆ ಕೋಪಿಸಿಕೊಳ್ಳಬೇಡಿರಿ. ಅಂಗಳದಲ್ಲಿ ಆಡುತ್ತಿರುವ ಚಿಕ್ಕ ತಂಗಿಯನ್ನು ಊಟಕ್ಕೆ ಕರೆಯುವಂತೆ ಕರೆಯಿರಿ. ಬರುವುದು.