ಮಾತಾಡ್ತಾ ಇರಿ, ಯಜಮಾನ್ರೇ

ಬೆಳಿಗ್ಗೆ ಎಂಟೂವರೆ. ತಾಲ್ಲೂಕು ಆಸ್ಪತ್ರೆಯ ಓ.ಟಿ.ಯಲ್ಲಿ ಸ್ಪಿರಿಟ್ಟಿನ ವಾಸನೆ, ಏ.ಸಿ.ಯ ಕೊರೆಯುವ ತಣ್ಣಗಾಳಿ. ಹಸಿರು ಬಟ್ಟೆ ಹೊದ್ದು ಮಲಗಿರುವವರು ಐವತ್ತು ದಾಟಿದ ಕೂಲಿಕಾರರು. ಹಿಂದಿನ ಸಂಜೆ ಅಡಕೆ ಸುಲಿಯುವ ಯಂತ್ರಕ್ಕೆ ಬಲಗೈ ಸಿಕ್ಕಿ ಎರಡು ಬೆರಳು ಮುರಿದಿವೆ, ಅಂಗೈ ಸೀಳಿದೆ. ಬೀಡಿ ಸೇದಿ ಸೇದಿ ಎದೆ ಹದಗೆಟ್ಟಿರುವುದರಿಂದ ಪೂರ್ತಿ ಪ್ರಜ್ಞೆ ತಪ್ಪಿಸುವುದು ಬೇಡ, ಕೈಯಷ್ಟನ್ನೇ ಮರಗಟ್ಟಿಸೋಣ ಎಂದು ಅರಿವಳಿಕೆ ವೈದ್ಯೆ ತೀರ್ಮಾನಿಸಿದ್ದಾರೆ. ಕಂಕುಳಲ್ಲಿ ಕೊಡುವ ಬ್ಲಾಕ್.

ಸಿರಿಂಜು ಕೈಗೆತ್ತಿಕೊಳ್ಳುವ ಮೊದಲು ಅವರು ಕೇಳಿದ್ದು ತೂಕ. ‘ಕೇಸ್ ಶೀಟಲ್ಲಿ ಐವತ್ತೈದು ಅಂತ ಬರೆದಿದೆ ಮೇಡಂ,’ ಎಂದರು ಸಿಸ್ಟರ್. ವೈದ್ಯೆಯ ಕಣ್ಣು ರೋಗಿಯ ಎದೆಗೂಡಿನ ಎಲುಬುಗಳ ಮೇಲೆ ಹರಿಯಿತು. ತೂಕದ ಯಂತ್ರ ತರಿಸಿ, ಅವರನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿದರು. ಮುಳ್ಳು 48ಕ್ಕೆ ನಿಂತಿತು.

ಈ ಏಳು ಕಿಲೋ ವ್ಯತ್ಯಾಸ ಸಣ್ಣದಲ್ಲ. ಇಂದು ಬಳಸುವ ಔಷಧ ಬುಪಿವಕೇನ್. ಸಾಮಾನ್ಯವಾಗಿ ಕಿಲೋ ತೂಕಕ್ಕೆ 2 ಮಿಲಿಗ್ರಾಂ ಅದರ ಮಿತಿ. ಬರೆದಿದ್ದನ್ನು ನಂಬಿದ್ದರೆ 110 ಮಿಲಿಗ್ರಾಂ ಕೊಡಬಹುದಿತ್ತು, ನಿಜವಾದ ಮಿತಿ 96. ಶೇ 0.5ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 5 ಮಿಲಿಗ್ರಾಂ ಇರುತ್ತದೆ. 15 ಮಿಲಿಲೀಟರ್ ಸಾಕು, 75 ಮಿಲಿಗ್ರಾಂ ಆಯಿತು ಎಂದು ಅವರು ಜೋರಾಗಿಯೇ ಲೆಕ್ಕ ಹೇಳಿದರು. ಚರ್ಮ ಮರಗಟ್ಟಿಸಲು ಮೊದಲು ಚುಚ್ಚುವ ಒಂದು ಮಿಲಿಲೀಟರ್ ಲಿಗ್ನೊಕೇನನ್ನೂ ಸಿಸ್ಟರ್ ಅದೇ ಹಾಳೆಯಲ್ಲಿ ಬರೆದುಕೊಂಡರು. ಎರಡು ಔಷಧ ಕೂಡಿದರೆ ಎರಡರ ವಿಷವೂ ಕೂಡುತ್ತದೆ.

ಅಲ್ಟ್ರಾಸೌಂಡ್ ಪರದೆಯ ಮೇಲೆ ಕಂಕುಳ ಒಳಲೋಕ ಮೂಡಿತು. ನಡುವೆ ಮಿಡಿಯುತ್ತಿರುವ ಕಪ್ಪು ದುಂಡು, ಅಪಧಮನಿ. ಅದರ ಸುತ್ತ ಕೈಗೆ ಹೋಗುವ ನರಗಳು. ಅಭಿಧಮನಿಗಳು ಮಾತ್ರ ಕಾಣುತ್ತಿಲ್ಲ, ಉಪಕರಣ ಒತ್ತಿದ ಭಾರಕ್ಕೆ ಚಪ್ಪಟೆಯಾಗಿವೆ. ವೈದ್ಯೆ ಕೈ ಸ್ವಲ್ಪ ಸಡಿಲಿಸಿದರು. ಎರಡು ಕಪ್ಪು ಕಲೆಗಳು ಬಾಯಿ ತೆರೆದವು. ಅಪಾಯ ಅಡಗಿ ಕೂರುವುದು ಇಲ್ಲೇ: ಸೂಜಿಯ ಮೊನೆ ಕಾಣದ ರಕ್ತನಾಳದೊಳಗೆ ಹೊಕ್ಕಿದ್ದರೆ, ನರದ ಪಕ್ಕ ನಿಲ್ಲಬೇಕಾದ ಔಷಧ ನೇರ ರಕ್ತಕ್ಕೆ ಸೇರುತ್ತದೆ.

‘ಯಜಮಾನ್ರೇ, ಮನೇಲಿ ಯಾರ್ ಯಾರಿದ್ದೀರಿ?’

‘ಹೆಂಡ್ತಿ, ಮಗ, ಸೊಸೆ ಅದಾರೆ ಮೇಡಂ.’

ಸಿರಿಂಜಿನ ಹಿಡಿಕೆಯನ್ನು ಹಿಂದಕ್ಕೆಳೆದು, ರಕ್ತ ಬರುವುದಿಲ್ಲವೆಂದು ನೋಡಿ, 3 ಮಿಲಿಲೀಟರ್ ಬಿಟ್ಟರು. ನಿಂತರು. ಮಾನಿಟರ್ ನೋಡಿದರು.

‘ಬಾಯಲ್ಲಿ ಕಬ್ಬಿಣದ ರುಚಿ ಬಂದಂಗಾಗುತ್ತಾ? ತುಟಿ ಜುಂ ಅನ್ನುತ್ತಾ? ಕಿವಿಯಲ್ಲಿ ಗುಂಯ್ ಅಂತ ಸದ್ದು?’

‘ಏನೂ ಇಲ್ಲ ಮೇಡಂ. ಕೈ ಬಿಸಿ ಆದಂಗೈತೆ.’

‘ಅದು ಒಳ್ಳೇದೇ. ಮಾತಾಡ್ತಾ ಇರಿ.’

ಮತ್ತೆ ಎಳೆದು ನೋಡಿ, ಮತ್ತೆ ಮೂರು. ನೋಡುವವರಿಗೆ ಹೊತ್ತು ಕಳೆಯುವ ಹರಟೆ. ನನಗೆ ಕಂಡಂತೆ ಆ ಕೋಣೆಯ ಅತ್ಯಂತ ಸೂಕ್ಷ್ಮ ಮಾನಿಟರ್ ಆ ಹರಟೆಯೇ.

ನರದ ಉದ್ದಕ್ಕೂ ಸೋಡಿಯಂ ಕಣಗಳು ಒಳನುಗ್ಗುವ ಸಣ್ಣ ಸಣ್ಣ ದ್ವಾರಗಳಿವೆ. ಕೆರೆಯ ತೂಬಿನಂತೆ ಅವು ತೆರೆದಾಗ ಸೋಡಿಯಂ ಒಳಹರಿಯುತ್ತದೆ, ಪಕ್ಕದ ದ್ವಾರ ತೆರೆಯುತ್ತದೆ, ನೋವಿನ ಸಂದೇಶ ಹೀಗೆ ಬೆರಳಿನಿಂದ ಮಿದುಳಿಗೆ ಹರಿಯುತ್ತದೆ. ಅರಿವಳಿಕೆಯ ಔಷಧ ಈ ದ್ವಾರವನ್ನು ಹೊರಗಿನಿಂದ ಮುಚ್ಚುವುದಿಲ್ಲ. ವಿದ್ಯುದಂಶವಿಲ್ಲದ ರೂಪದಲ್ಲಿ ನರಪೊರೆಯ ಕೊಬ್ಬನ್ನು ದಾಟಿ ಒಳಸೇರುತ್ತದೆ, ಅಲ್ಲಿ ವಿದ್ಯುದಂಶ ಪಡೆದು, ಒಳಗಿನಿಂದ ಅಡ್ಡ ಕೂರುತ್ತದೆ. ಕೀವು ತುಂಬಿದ ಹಲ್ಲಿಗೆ ಇಂಜೆಕ್ಷನ್ ಸರಿಯಾಗಿ ಹಿಡಿಯದಿರುವ ಒಂದು ಮುಖ್ಯ ಕಾರಣ ಇದೇ. ಕೀವಿನ ಆಮ್ಲೀಯತೆಯಲ್ಲಿ ಔಷಧ ಹೊರಗೇ ವಿದ್ಯುದಂಶ ಪಡೆದುಬಿಡುತ್ತದೆ, ಪೊರೆ ದಾಟಲಾರದು.

ಇಂಥ ದ್ವಾರಗಳು ಕೈಯ ನರದಲ್ಲಿ ಮಾತ್ರ ಇದ್ದಿದ್ದರೆ ಭಯವಿರಲಿಲ್ಲ. ಮಿದುಳಿನಲ್ಲಿವೆ, ಹೃದಯದಲ್ಲೂ ಇವೆ. ರಕ್ತದಲ್ಲಿ ಔಷಧ ಏರಿದಾಗ ಸಾಮಾನ್ಯವಾಗಿ ಮೊದಲು ಮಿದುಳು ಸುಳಿವು ಕೊಡುತ್ತದೆ: ಲೋಹದ ರುಚಿ, ತುಟಿಯ ಜುಮುಗುಡುವಿಕೆ, ಕಿವಿಮೊರೆತ, ಚಡಪಡಿಕೆ, ತೊದಲು, ಕೊನೆಗೆ ಫಿಟ್ಸ್. ಮರಗಟ್ಟಿಸುವ ಔಷಧ ಫಿಟ್ಸ್ ತರುವುದೇಕೆ? ಮಿದುಳಿನಲ್ಲಿ ಉದ್ರೇಕವನ್ನು ತಡೆಹಿಡಿಯುವ ಕೋಶಗಳೇ ಮೊದಲು ಮಲಗುತ್ತವೆ, ಕಡಿವಾಣವಿಲ್ಲದೆ ಉಳಿದವು ಕೆರಳುತ್ತವೆ. ಆಮೇಲೆ ಎಲ್ಲವೂ ಮಂಕಾಗಿ ಉಸಿರು ನಿಲ್ಲಬಹುದು. ಒಮ್ಮೊಮ್ಮೆ ಈ ಯಾವ ಮುನ್ಸೂಚನೆಯೂ ಇಲ್ಲದೆ ನೇರ ಹೃದಯಕ್ಕೇ ಪೆಟ್ಟು ಬೀಳುತ್ತದೆ. ಲಿಗ್ನೊಕೇನ್ ಹೃದಯದ ದ್ವಾರದಿಂದ ಬೇಗ ಬಿಡಿಸಿಕೊಳ್ಳುತ್ತದೆ. ಹೃದಯದ ಲಯ ತಪ್ಪಿದಾಗ ಅದನ್ನೇ ಔಷಧವಾಗಿಯೂ ಕೊಡುವುದುಂಟು. ಬುಪಿವಕೇನ್ ಹಾಗಲ್ಲ, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಬಿಡದೆ ಅಂಟಿಕೊಂಡಿರುತ್ತದೆ.

ವಿಯೆನ್ನಾದ ಕಾರ್ಲ್ ಕೊಲ್ಲರ್ 1884ರಲ್ಲಿ ಕೊಕೇನ್ ಹನಿಯಿಂದ ಕಣ್ಣು ಮರಗಟ್ಟಿಸಿ ತೋರಿಸಿದಾಗಿನಿಂದ ಈ ವಿದ್ಯೆ ಬೆಳೆಯಿತು. 1943ರಲ್ಲಿ ಸ್ವೀಡನ್ನಿನಲ್ಲಿ ಲಿಗ್ನೊಕೇನ್ ತಯಾರಾಯಿತು, 1957ರಲ್ಲಿ ಬುಪಿವಕೇನ್. ಗಂಟೆಗಟ್ಟಲೆ ನೋವು ತಡೆಯುತ್ತದೆಂದು ಎಲ್ಲರೂ ಮೆಚ್ಚಿದ ಈ ಔಷಧದಿಂದ ಹೃದಯ ನಿಂತು, ಎಷ್ಟು ಯತ್ನಿಸಿದರೂ ಮರಳದ ಪ್ರಕರಣಗಳತ್ತ ಅಮೆರಿಕದ ಜಾರ್ಜ್ ಆಲ್‌ಬ್ರೈಟ್ 1979ರಲ್ಲಿ ಬೊಟ್ಟು ಮಾಡಿದರು. ಮದ್ದು ಸಿಕ್ಕಿದ್ದು ಅನಿರೀಕ್ಷಿತವಾಗಿ. ರಕ್ತಕ್ಕೆ ಕೊಬ್ಬು ಸೇರಿಸಿದರೆ ಬುಪಿವಕೇನಿನ ವಿಷ ಹೆಚ್ಚಬೇಕು ಎಂದೆಣಿಸಿ ಅರಿವಳಿಕೆ ವೈದ್ಯ ಗೈ ವೈನ್‌ಬರ್ಗ್ ಇಲಿಗಳ ಮೇಲೆ ಪ್ರಯೋಗಿಸಿದರು. ಇಲಿಗಳು ಸಾಯುವ ಬದಲು ಹೆಚ್ಚು ತಾಳಿಕೊಂಡವು. ಅದು ಪ್ರಕಟವಾದದ್ದು 1998ರಲ್ಲಿ. 2006ರಲ್ಲಿ ನ್ಯೂಯಾರ್ಕಿನ ವೈದ್ಯರು, ಭುಜದ ಬ್ಲಾಕ್ ನಂತರ ಹೃದಯ ನಿಂತು ಸುಮಾರು 20 ನಿಮಿಷ ಎದೆ ಒತ್ತಿದರೂ ಮರಳದ ರೋಗಿಯೊಬ್ಬರು ಕೊಬ್ಬಿನ ದ್ರಾವಣ ಕೊಟ್ಟ ಮೇಲೆ ಉಳಿದ ಸಂಗತಿಯನ್ನು ವರದಿ ಮಾಡಿದರು.

ಈ ಓ.ಟಿ.ಯ ಕಪಾಟಿನಲ್ಲೂ ಆ ಬಾಟಲಿ ಇದೆ. ಸೋಯಾ ಎಣ್ಣೆಯಿಂದ ಮಾಡಿದ, ಬೆಳ್ಳಗಿನ, ಶೇ 20ರ ದ್ರಾವಣ. ಬಾಯಿಂದ ಉಣ್ಣಲಾಗದ ರೋಗಿಗಳಿಗೆ ರಕ್ತನಾಳದ ಮೂಲಕ ಆಹಾರವಾಗಿ ಕೊಡುವಂಥದ್ದೇ. ಮೇಲೆ ದಪ್ಪ ಅಕ್ಷರದಲ್ಲಿ ಪ್ರಮಾಣ ಬರೆದು ಅಂಟಿಸಿದ್ದಾರೆ: ಕಿಲೋಗೆ 1.5 ಮಿಲಿಲೀಟರ್ ಎರಡು ಮೂರು ನಿಮಿಷದಲ್ಲಿ, ಆಮೇಲೆ ನಿಮಿಷಕ್ಕೆ ಕಿಲೋಗೆ 0.25. ಈ ಯಜಮಾನರಿಗಾದರೆ ಮೊದಲಿಗೆ 72 ಮಿಲಿಲೀಟರ್. ಅದರ ಜತೆಗೆ ಇಂಜೆಕ್ಷನ್ ತಕ್ಷಣ ನಿಲ್ಲಿಸುವುದು, ಸಹಾಯಕ್ಕೆ ಕೂಗುವುದು, ಆಮ್ಲಜನಕ ಕೊಡುವುದು, ಫಿಟ್ಸ್ ಅಡಗಿಸುವುದು. ಆಮ್ಲಜನಕ ಕಡಿಮೆಯಾಗಿ ರಕ್ತ ಆಮ್ಲೀಯವಾದರೆ ವಿಷ ಇನ್ನೂ ಬಲಗೊಳ್ಳುತ್ತದೆ, ಅದಕ್ಕೇ ಉಸಿರಿನ ಆರೈಕೆ ಮೊದಲು. ಸಣ್ಣ ಆಸ್ಪತ್ರೆಗಳಲ್ಲಿ ಈ ಬಾಟಲಿ ಬೀಗ ಹಾಕಿದ ಸ್ಟೋರಿನಲ್ಲಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಬ್ಲಾಕ್ ಕೊಡುವ ಜಾಗದಲ್ಲೇ ಅದು ಕೈಗೆಟುಕಬೇಕು.

ಇಪ್ಪತ್ತು ನಿಮಿಷ ಕಳೆಯಿತು. ವೈದ್ಯೆ ಸ್ಪಿರಿಟ್ಟಿನ ಹತ್ತಿ ತಾಗಿಸಿದರು. ‘ಮುಟ್ಟಿದ್ದು ಗೊತ್ತಾಗ್ತೈತೆ, ತಣ್ಣಗೈತೋ ಬಿಸಿ ಐತೋ ತಿಳೀವಲ್ದು.’ ಇನ್ನು ಸ್ವಲ್ಪ ಹೊತ್ತಿಗೆ ಚುಚ್ಚಿದ್ದೂ ತಿಳಿಯಲಿಲ್ಲ, ಬೆರಳು ಎತ್ತಿ ಎಂದರೆ ಏಳಲಿಲ್ಲ. ಮೂಳೆ ವೈದ್ಯರು ಕೆಲಸ ಶುರು ಮಾಡಿದರು. ಅರಿವಳಿಕೆ ವೈದ್ಯೆ ತಲೆದೆಸೆ ಬಿಟ್ಟು ಕದಲಲಿಲ್ಲ. ರಕ್ತನಾಳಕ್ಕೆ ಹೋಗದ ಔಷಧವೂ ಮಾಂಸದಿಂದ ನಿಧಾನವಾಗಿ ಹೀರಲ್ಪಟ್ಟು ರಕ್ತ ಸೇರುವುದುಂಟು, ಇಂಜೆಕ್ಷನ್ನಿನ ಬಳಿಕ ಅರ್ಧ ಗಂಟೆಯಾದರೂ ಕಣ್ಣಿಟ್ಟು ಕಾಯಬೇಕು.

ಇಂಥ ಕಾವಲು ಇಲ್ಲದ ಕಡೆಗಳೇ ನನಗೆ ಹೆಚ್ಚು ಆತಂಕ ತರುತ್ತವೆ. ಲೇಸರಿನಿಂದ ಕೂದಲು ತೆಗೆಸುವ ಮೊದಲು ಮರಗಟ್ಟಿಸುವ ಕ್ರೀಮನ್ನು ಎರಡೂ ಕಾಲಿಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡ ಯುವತಿಯರು ಅಮೆರಿಕದಲ್ಲಿ ಸತ್ತ ಮೇಲೆ, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಎಚ್ಚರಿಕೆ ಹೊರಡಿಸಿತು. ಹಲ್ಲು ಮೂಡುವ ಕೂಸುಗಳ ವಸಡಿಗೆ ಲಿಗ್ನೊಕೇನ್ ಹಚ್ಚಬೇಡಿ ಎಂದು 2014ರಲ್ಲಿ ಮತ್ತೆ ಹೇಳಿತು. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆಂದ ಮಾತ್ರಕ್ಕೆ ಅದು ನಿರಪಾಯವಲ್ಲ.

ದಯವಿಟ್ಟು ಇಷ್ಟು ಮಾಡಿ. ಹಲ್ಲಿಗಾಗಲಿ, ಗಡ್ಡೆಗಾಗಲಿ, ಕೈಗಾಗಲಿ ಮರಗಟ್ಟುವ ಇಂಜೆಕ್ಷನ್ ತೆಗೆದುಕೊಳ್ಳುವಾಗ ನಿಮ್ಮ ಸರಿಯಾದ ತೂಕ ಹೇಳಿ. ಲಿವರ್ ಅಥವಾ ಹೃದಯದ ತೊಂದರೆ, ಗರ್ಭ, ಹಿಂದೆ ಆದ ತೊಡಕು ಯಾವುದಿದ್ದರೂ ಮುಚ್ಚಿಡಬೇಡಿ. ಸೂಜಿ ಇನ್ನೂ ಒಳಗಿರುವಾಗಲೇ ಬಾಯಿ ಲೋಹದ ರುಚಿಯಾದರೆ, ತುಟಿ ಜುಂ ಎಂದರೆ, ಕಿವಿ ಗುಂಯ್‌ಗುಟ್ಟಿದರೆ ಸಂಕೋಚ ಬಿಟ್ಟು ಆ ಕ್ಷಣವೇ ಹೇಳಿ.