ನರ್ಸ್ ಕಲಿತ ಮಕ್ಕಳು ವಿಮಾನ ಹತ್ತುವುದೇಕೆ?

ಮೊದಲೆಲ್ಲ ನಮ್ಮ ಊರುಗಳಿಂದ ಗಲ್ಫ್‌ಗೆ ಹೋಗುತ್ತಿದ್ದವರು ಗಂಡಸರು. ಈಗ ನರ್ಸಿಂಗ್ ಮುಗಿಸಿದ ಹೆಣ್ಮಕ್ಕಳೂ ರಿಯಾದ್, ದುಬೈ ಅಂತ ಹೊರಡುತ್ತಿದ್ದಾರೆ. ಕೆಲವರು ಅಲ್ಲಿಂದ ಇಂಗ್ಲೆಂಡಿಗೂ ದಾಟುತ್ತಾರೆ. "ಎಲ್ಲ ದುಡ್ಡಿನ ಆಸೆ" ಎಂದು ಮದುವೆ ಮನೆಗಳಲ್ಲಿ ಆಡುವ ಮಾತನ್ನು ನಾವೂ ಕೇಳಿದ್ದೇವೆ. ಅದು ಅರ್ಧ ಮಾತ್ರ ಸರಿ.

ಬಾಪ ಸಾಲ ಮಾಡಿ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿಸುತ್ತಾರೆ. ಆಮೇಲೆ ಇಲ್ಲಿನ ಖಾಸಗಿ ಆಸ್ಪತ್ರೆಗೆ ಸೇರಿದರೆ ಬ್ಯಾಂಕಿನ ಕಂತು, ಹಾಸ್ಟೆಲ್, ಬಸ್ಸು ಕಳೆದು ಮನೆಗೆ ಏನು ಉಳಿಯುತ್ತೆ? ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ಕೇಂದ್ರ ಸರ್ಕಾರ ಸಮಿತಿ ಮಾಡಿತು. ಸಣ್ಣ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20 ಸಾವಿರಕ್ಕಿಂತ ಕಡಿಮೆ ಕೊಡಬಾರದು, 200 ಹಾಸಿಗೆ ಮೀರಿದಲ್ಲಿ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದಿತು ಸಮಿತಿ. ಆದರೆ ಅದು ಬರೀ ಶಿಫಾರಸು. ಉಳಿದದ್ದು ಮಗಳ ಸಂಬಳದ ಚೀಟಿ ನೋಡಿದವರಿಗೆ ಗೊತ್ತು.

ಸಂಬಳಕ್ಕಿಂತಲೂ ಸುಸ್ತು ಮಾಡುವುದು ಡ್ಯೂಟಿ. ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಲೆಕ್ಕ. ರಾತ್ರಿ ರೋಗಿಯ ಪಕ್ಕ ಕೂತವರು ಎಣಿಸಿ ನೋಡಿರಬಹುದು! ನಮ್ಮ ಮದ್ರಸದಲ್ಲಿ ಕಲಿತು ಈಗ ಸೌದಿಯಲ್ಲಿರುವ ಒಬ್ಬಳು ರಜೆಗೆ ಬಂದಾಗ ಹೇಳಿದ್ದು: "ಅಲ್ಲಿಯೂ ಕೆಲಸ ಕಮ್ಮಿ ಏನಿಲ್ಲ ಉಸ್ತಾದ್. ಆದ್ರೆ ನನ್ನ ರೋಗಿಗಳು ಎಷ್ಟು ಜನ, ಯಾರು ಅಂತ ನನಗೆ ಗೊತ್ತಿರುತ್ತೆ."

ಶ್ರೀಮಂತ ದೇಶಗಳಲ್ಲಿ ವಯಸ್ಸಾದವರು ಹೆಚ್ಚುತ್ತಿದ್ದಾರೆ, ಬೇಕಾದಷ್ಟು ನರ್ಸ್‌ಗಳನ್ನು ಅವರೇ ತಯಾರು ಮಾಡುತ್ತಿಲ್ಲ. 2018ರಲ್ಲಿ ಲೋಕಕ್ಕೆ 59 ಲಕ್ಷ ನರ್ಸ್‌ಗಳ ಕೊರತೆಯಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಬಡ ಮತ್ತು ಕೆಳ ಮಧ್ಯಮ ಆದಾಯದ ದೇಶಗಳದ್ದೇ. ಅಂದರೆ ಇಲ್ಲದವರ ಮನೆಯಿಂದಲೇ ಇದ್ದವರ ಮನೆಗೆ ಹೋಗುತ್ತಿದೆ. ತೀವ್ರ ಕೊರತೆಯಿರುವ ದೇಶಗಳಿಂದ ಕರೆದೊಯ್ಯಬೇಡಿ ಎಂಬ ಸಂಹಿತೆಯನ್ನು ಇದೇ ಸಂಸ್ಥೆ 2010ರಲ್ಲಿ ಮಾಡಿದೆ. ಪಾಲಿಸಲೇಬೇಕು ಅಂತೇನಿಲ್ಲ.

ಗಲ್ಫ್‌ನವರು ಹೆಚ್ಚಾಗಿ ಕೇಳುವುದು ಎರಡು ವರ್ಷದ ಅನುಭವ. ಹಾಗಾಗಿ ಕೈ ಪಳಗಿದವರೇ ಹೋಗುತ್ತಾರೆ, ನಮ್ಮ ಉಮ್ಮನಿಗೆ ಇಂಜೆಕ್ಷನ್ ಕೊಡಲು ಹೊಸಬರು ಬರುತ್ತಾರೆ. ಅವರು ಪಳಗುವಷ್ಟರಲ್ಲಿ ಅವರದ್ದೂ ವೀಸಾ ಬಂದಿರುತ್ತೆ.

ಹೋಗುವವರನ್ನು ತಡೆಯಲು ನಾವ್ಯಾರು? ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು ಸಾಲದ ಮೇಲೆ ಸಾಲ ಮಾಡುವುದನ್ನು ಮಾತ್ರ ತಡೆಯಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ 30 ಸಾವಿರ ರೂಪಾಯಿ, ಮೇಲೆ ಜಿಎಸ್‌ಟಿ. ದುಡ್ಡು ಕೊಡುವ ಮುಂಚೆ ಆತನ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೋ ನೋಡಿ, ರಸೀದಿ ಕೇಳಿ ಪಡೆಯಿರಿ.