ಬೀಡಿ, ಸಿಗರೇಟು ಬಿಟ್ಟ ಮೊದಲ ದಿನಗಳು

ನವೆಂಬರ್ ತಿಂಗಳ ನಡುವೆ ಕಾರ್ತಿಕ ಮಾಸ ಹುಟ್ಟುತ್ತಿದ್ದಂತೆ ಹೊಸೂರು, ತಳಿ, ದೇಂಕಣಿಕೋಟೆ, ಶೂಲಗಿರಿ ಭಾಗದ ಊರುಗಳಲ್ಲಿ ಕಪ್ಪು ಪಂಚೆ ಉಟ್ಟು ಕೊರಳಿಗೆ ಮಾಲೆ ಧರಿಸಿದ ಅಯ್ಯಪ್ಪ ವ್ರತಧಾರಿಗಳು ಕಾಣಿಸಿಕೊಳ್ಳುತ್ತಾರೆ. ಅವರಲ್ಲಿ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದವರೂ ಇರುತ್ತಾರೆ. ಮಾಲೆ ಧರಿಸಿದ ದಿನದಿಂದ ಅವರು ಬೀಡಿಯನ್ನು ಮುಟ್ಟುವುದಿಲ್ಲ. 41 ದಿನಗಳ ವ್ರತ ಮುಗಿದು, ಶಬರಿಮಲೆಯಿಂದ ಮರಳಿ ಮಾಲೆ ತೆಗೆದ ಮೇಲೆ ಅವರಲ್ಲಿ ಹಲವರು ಮತ್ತೆ ಪೆಟ್ಟಿಗೆ ಅಂಗಡಿಯ ಮುಂದೆ ನಿಲ್ಲುತ್ತಾರೆ. ಊರಿನವರು ಇದನ್ನು ನಗುತ್ತಾ ಹೇಳಿಕೊಳ್ಳುವುದುಂಟು. ಆದರೆ ಧೂಮಪಾನ ಬಿಡಬೇಕೆನ್ನುವ ಶಿಕ್ಷಕರಿಗೂ, ಬಿಡಲು ಯತ್ನಿಸುತ್ತಿರುವ ಪೋಷಕರಿಗೆ ನೆರವಾಗಬೇಕೆನ್ನುವ ಶಿಕ್ಷಕರಿಗೂ ಇಲ್ಲಿ ಎರಡು ಮುಖ್ಯ ಪ್ರಶ್ನೆಗಳಿವೆ. ಔಷಧವಿಲ್ಲದೆ ಆತ ಹೇಗೆ ಬಿಟ್ಟ? ಬಿಟ್ಟವನು ಏಕೆ ಮರಳಿದ?

ಮೊದಲಿಗೆ ದೇಹದ ವಿಚಾರ. ತಂಬಾಕಿನಲ್ಲಿರುವ ನಿಕೋಟಿನ್ ಹೊಗೆಯ ಮೂಲಕ ಶ್ವಾಸಕೋಶಕ್ಕೆ ಹೋಗಿ, ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ತಲುಪುತ್ತದೆ. ಅಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸಿ ಕ್ಷಣಕಾಲ ಹಿತವೆನಿಸುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆಗ ಮೆದುಳು ಮತ್ತೆ ಬೇಡುತ್ತದೆ. ‘ಒಂದು ದಮ್ಮು ಎಳೆದರೆ ಮನಸ್ಸು ನಿರಾಳವಾಗುತ್ತದೆ’ ಎಂಬ ಮಾತಿನ ಹಿಂದಿರುವುದು ಇದೇ. ಆ ನಿರಾಳವು ಬಹುಪಾಲು ಹಿಂದಿನ ಬೀಡಿಯೇ ಉಂಟುಮಾಡಿದ ಕೊರತೆಯನ್ನು ತುಂಬಿದ್ದರಿಂದ ಬಂದದ್ದು.

ಬಿಟ್ಟ ಕೆಲವೇ ಗಂಟೆಗಳಲ್ಲಿ ಸಂಕಟ ಆರಂಭವಾಗುತ್ತದೆ. ಸಿಡುಕು, ಚಡಪಡಿಕೆ, ಏಕಾಗ್ರತೆಯ ಕೊರತೆ, ನಿದ್ದೆಗೇಡು, ಹೆಚ್ಚಿದ ಹಸಿವು, ಮಂಕು ಇವೆಲ್ಲವೂ ಸಾಮಾನ್ಯ. ಎರಡನೆಯ ಮತ್ತು ಮೂರನೆಯ ದಿನ ಇವು ಅತ್ಯಂತ ತೀವ್ರವಾಗಿರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಬಹುತೇಕ ತಗ್ಗುತ್ತವೆ. ಹಸಿವು ಮಾತ್ರ ಇನ್ನೂ ಕೆಲಕಾಲ ಉಳಿಯಬಹುದು. ಕೆಲವರಿಗೆ ಮೊದಲಿಗಿಂತ ಹೆಚ್ಚು ಕೆಮ್ಮು, ಕಫ ಬರುತ್ತದೆ. ‘ಬಿಟ್ಟ ಮೇಲೆಯೇ ಆರೋಗ್ಯ ಕೆಟ್ಟಿತು’ ಎಂದು ಅವರು ಗಾಬರಿಯಾಗುತ್ತಾರೆ. ವಾಸ್ತವವಾಗಿ ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸ ಆರಂಭಿಸಿ ಕಫವನ್ನು ಹೊರದೂಡುತ್ತಿರುವ ಲಕ್ಷಣವದು. ಈ ಸಂಕಟಗಳು ಕಿರಿಕಿರಿಯವೇ ಹೊರತು ಪ್ರಾಣಕ್ಕೆ ಅಪಾಯಕಾರಿಯಲ್ಲ. ಮದ್ಯದ ವಿಷಯ ಬೇರೆ. ದೀರ್ಘಕಾಲ ವಿಪರೀತ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಅಪಾಯವುಂಟಾಗಬಹುದಾದ್ದರಿಂದ ಅವರಿಗೆ ವೈದ್ಯರ ಮೇಲ್ವಿಚಾರಣೆ ಬೇಕು.

ಶಿಕ್ಷಕ ವೃತ್ತಿಯಲ್ಲಿರುವವರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಮೊದಲ ವಾರದ ಸಿಡುಕು ಹೆಚ್ಚಾಗಿ ಬೀಳುವುದು ಎದುರು ಮಾತನಾಡದವರ ಮೇಲೆ, ಅಂದರೆ ಮನೆಯಲ್ಲಿ ಹೆಂಡತಿಯ ಮೇಲೆ, ಶಾಲೆಯಲ್ಲಿ ಮಕ್ಕಳ ಮೇಲೆ. ಲೆಕ್ಕ ತಪ್ಪಿದ ಮಗುವಿನ ಮೇಲೆ ಎಂದಿಗಿಂತ ಹೆಚ್ಚು ಕೋಪ ಬಂದರೆ ಆ ಕೋಪ ಲೆಕ್ಕದ್ದಲ್ಲ, ನಿಕೋಟಿನ್ನದು ಎಂದು ತಿಳಿದುಕೊಳ್ಳಬೇಕು. ಆ ವಾರ ಹೊಸ ಪಾಠ ಮಾಡುವ ಬದಲು ಗುಂಪು ಚಟುವಟಿಕೆ, ಪುನರಾವರ್ತನೆಗಳನ್ನು ಇಟ್ಟುಕೊಳ್ಳುವುದು ಜಾಣತನ. ಸಹೋದ್ಯೋಗಿಗಳಿಗೂ ಮುಖ್ಯೋಪಾಧ್ಯಾಯರಿಗೂ ವಿಷಯ ತಿಳಿಸಿಡುವುದು ಇನ್ನೂ ಒಳ್ಳೆಯದು.

ಇನ್ನು ತುಡಿತ. ಅದು ಇಡೀ ದಿನ ಒಂದೇ ಸಮನೆ ಇರುವುದಿಲ್ಲ. ಅಲೆಯಂತೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಬೀಡಿ ಸೇದಿದರೂ ಸೇದದಿದ್ದರೂ ಸಾಮಾನ್ಯವಾಗಿ 5ರಿಂದ 10 ನಿಮಿಷಗಳಲ್ಲಿ ಇಳಿದುಬಿಡುತ್ತದೆ. ಸೇದುವವರಿಗೆ ಇದು ತಿಳಿದಿರುವುದಿಲ್ಲ, ಏಕೆಂದರೆ ಅವರು ಎಂದೂ ಅಷ್ಟು ಹೊತ್ತು ಕಾದು ನೋಡಿಲ್ಲ. ಪುಸ್ತಕದ ಮಾತನ್ನು ನಂಬಲೇಬೇಕೆಂದಿಲ್ಲ. ವಿಜ್ಞಾನದ ಪ್ರಯೋಗದಂತೆ, ತುಡಿತ ಬಂದ ಸಮಯ, ಸ್ಥಳ, ಇಳಿದ ಸಮಯಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟರೆ ನಾಲ್ಕೈದು ದಿನಗಳಲ್ಲೇ ಸತ್ಯ ಗೋಚರಿಸುತ್ತದೆ.

ಹಾಗೆ ಬರೆದಿಟ್ಟಾಗ ತಿಳಿಯುವ ಇನ್ನೊಂದು ಸಂಗತಿಯೆಂದರೆ, ತುಡಿತಕ್ಕೆ ಗೊತ್ತಾದ ವೇಳೆ ಮತ್ತು ಗೊತ್ತಾದ ಜಾಗಗಳಿವೆ. ತಳಿಯ ಚಳಿ ಬೆಳಗಿನಲ್ಲಿ ಟೀ ಲೋಟ ಕೈಗೆ ಬಂದೊಡನೆ, ಊಟವಾದ ಮೇಲೆ, ಹೊಸೂರು ಬಸ್ ನಿಲ್ದಾಣದಲ್ಲಿ ಬಸ್ಸು ಕಾಯುವಾಗ, ಸಿಪ್ಕಾಟ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿದು ಹೊರಬಂದಾಗ, ಉತ್ತರಪತ್ರಿಕೆ ಮೌಲ್ಯಮಾಪನ ಶಿಬಿರದ ಬಿಡುವಿನಲ್ಲಿ ನಾಲ್ಕು ಜನ ಸ್ನೇಹಿತರು ಗೇಟಿನಾಚೆ ನಡೆದಾಗ ಅದು ಏಳುತ್ತದೆ. ವರ್ಷಗಟ್ಟಲೆಯ ರೂಢಿಯಿಂದ ಟೀ ಮತ್ತು ಬೀಡಿ ಮೆದುಳಿನಲ್ಲಿ ಒಂದಕ್ಕೊಂದು ಗಂಟುಬಿದ್ದಿರುತ್ತವೆ. ಒಂದನ್ನು ಕಂಡರೆ ಇನ್ನೊಂದು ನೆನಪಾಗುತ್ತದೆ.

ವ್ರತಧಾರಿಯ ಗುಟ್ಟು ಇಲ್ಲಿಯೇ ಇದೆ. ಆತನ ಮನೋಬಲ ಇತರರಿಗಿಂತ ದೊಡ್ಡದೇನಲ್ಲ. ಮಾಲೆ ಧರಿಸುವ ದಿನ ಮೊದಲೇ ನಿಶ್ಚಯವಾಗಿರುತ್ತದೆ. ವಿಷಯ ಊರಿಗೆಲ್ಲ ತಿಳಿದಿರುತ್ತದೆ. ಮುಂಜಾನೆ ಟೀ ಅಂಗಡಿಗೆ ಹೋಗುವ ಹೊತ್ತಿನಲ್ಲಿ ತಣ್ಣೀರಿನ ಸ್ನಾನ, ಪೂಜೆ ನಡೆಯುತ್ತವೆ. ಸಂಜೆ ಹರಟೆಕಟ್ಟೆಯ ಬದಲು ಭಜನೆ. ಎಲ್ಲಕ್ಕಿಂತ ಮಿಗಿಲಾಗಿ, ‘ಸ್ವಾಮಿ’ ಎಂದು ಕರೆಯುವ ಸ್ನೇಹಿತರು ಯಾರೂ ಆತನ ಮುಂದೆ ಬೀಡಿ ಕಟ್ಟು ಚಾಚುವುದಿಲ್ಲ. ರಂಜಾನ್ ಉಪವಾಸದ ಹಗಲುಗಳಲ್ಲಿ ಧೂಮಪಾನಿಗಳು ಸಂಜೆಯವರೆಗೆ ತಡೆದಿರುವುದರಲ್ಲಿಯೂ ಇಂತಹುದೇ ಬಲವಿದೆ. ಮಾಲೆ ತೆಗೆದ ದಿನ ಈ ಏರ್ಪಾಡೆಲ್ಲ ಒಮ್ಮೆಗೇ ಕಳಚಿಬೀಳುತ್ತದೆ. ದೇಹ ಬೀಡಿಯನ್ನು ಕೇಳುವುದನ್ನು ಬಹುಮಟ್ಟಿಗೆ ನಿಲ್ಲಿಸಿದ್ದರೂ ಹಳೆಯ ಜಾಗ, ಹಳೆಯ ವೇಳೆ, ಹಳೆಯ ಸ್ನೇಹಿತರು ಕೇಳುತ್ತಾರೆ. ಮೇಲಾಗಿ ಆತ 41 ದಿನಗಳ ಮಟ್ಟಿಗೆ ನಿಲ್ಲಿಸಿದ್ದನೇ ಹೊರತು ಬಿಡಬೇಕೆಂದು ನಿರ್ಧರಿಸಿರಲಿಲ್ಲ.

ಆದ್ದರಿಂದ ಧೂಮಪಾನ ಬಿಡುವವರು ವ್ರತದ ಈ ಏರ್ಪಾಡನ್ನು ಎರವಲು ಪಡೆಯಬಹುದು. ಒಂದು ದಿನಾಂಕವನ್ನು ನಿಶ್ಚಯಿಸಿ ಮನೆಯವರಿಗೂ ಸ್ನೇಹಿತರಿಗೂ ತಿಳಿಸಬೇಕು. ಹಿಂದಿನ ರಾತ್ರಿಯೇ ಬೀಡಿ, ಬೆಂಕಿಪೊಟ್ಟಣ, ಬೂದಿಬಟ್ಟಲುಗಳನ್ನು ಮನೆಯಿಂದ ಹೊರಹಾಕಬೇಕು. ಮೊದಲ ಎರಡು ಮೂರು ವಾರ ಟೀಯನ್ನು ಅಂಗಡಿಯಲ್ಲಿ ಕುಡಿಯದೆ ಮನೆಯಲ್ಲೇ ಕುಡಿಯಬೇಕು. ಊಟವಾದ ಕೂಡಲೇ ಎದ್ದು ಹಲ್ಲುಜ್ಜುವುದು ಸರಳವಾದರೂ ಪರಿಣಾಮಕಾರಿ. ತುಡಿತ ಏರಿದಾಗ ಆ ಜಾಗದಿಂದ ಎದ್ದು ಹೋಗುವುದು, ಒಂದು ಲೋಟ ನೀರನ್ನು ನಿಧಾನವಾಗಿ ಗುಟುಕರಿಸುವುದು, ಹತ್ತು ಬಾರಿ ದೀರ್ಘವಾಗಿ ಉಸಿರೆಳೆದು ಬಿಡುವುದು, ಸೋಂಪು, ಲವಂಗ ಅಥವಾ ನೆಲ್ಲಿಕಾಯಿ ಅಗಿಯುವುದು, ಯಾರೊಂದಿಗಾದರೂ ಮಾತಿಗೆ ತೊಡಗುವುದು, ಹೀಗೆ ಹತ್ತು ನಿಮಿಷ ಕಳೆಯಲು ಏನು ಮಾಡಿದರೂ ಸರಿಯೇ. ಬೀಡಿಯ ಬದಲು ಹೊಗೆಸೊಪ್ಪು, ಕಡ್ಡಿಪುಡಿ ಬಾಯಿಗೆ ಹಾಕಿಕೊಳ್ಳುವುದು ಮಾತ್ರ ಕೂಡದು. ಅದರಲ್ಲಿರುವುದೂ ಅದೇ ನಿಕೋಟಿನ್.

ಟೀ, ಕಾಫಿಯ ಬಗ್ಗೆ ಹೆಚ್ಚಿನವರಿಗೆ ತಿಳಿಯದ ವಿಷಯವೊಂದಿದೆ. ತಂಬಾಕಿನ ಹೊಗೆಯು ಯಕೃತ್ತಿನಲ್ಲಿ ಕೆಫೀನನ್ನು ಕರಗಿಸುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ಧೂಮಪಾನ ನಿಂತೊಡನೆ ಆ ಚುರುಕು ತಗ್ಗಿ, ಅಷ್ಟೇ ಕಾಫಿ ಕುಡಿದರೂ ಕೆಫೀನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎದೆಬಡಿತ, ಕೈನಡುಕ, ನಿದ್ದೆಗೇಡುಗಳೆಲ್ಲ ಬೀಡಿ ಬಿಟ್ಟದ್ದರಿಂದಲೇ ಬಂದವೆಂದು ತಿಳಿದು ಜನ ಸೋಲುತ್ತಾರೆ. ದಿನಕ್ಕೆ ಆರು ಲೋಟ ಕುಡಿಯುವವರು ಮೂರಕ್ಕೆ ಇಳಿಸಿದರೆ ಅರ್ಧ ತೊಂದರೆ ಅಲ್ಲಿಯೇ ನೀಗಬಹುದು.

ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಸೇದಲೇಬೇಕು ಎನ್ನುವವರ ಅವಲಂಬನೆ ಗಾಢವಾಗಿರುತ್ತದೆ. ಅಂತಹವರು ಮನೋಬಲವೊಂದನ್ನೇ ನೆಚ್ಚದೆ ವೈದ್ಯರನ್ನು ಕಾಣುವುದು ಸೂಕ್ತ. ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂ ಪ್ರಮಾಣಗಳಲ್ಲಿ ದೊರೆಯುತ್ತದೆ. ಸಾಮಾನ್ಯ ಚೂಯಿಂಗ್ ಗಮ್ಮಿನಂತೆ ಅದನ್ನು ಎಡೆಬಿಡದೆ ಅಗಿಯುವವರೇ ಹೆಚ್ಚು, ಅದು ತಪ್ಪು. ಖಾರದ ರುಚಿ ಬರುವವರೆಗೆ ನಿಧಾನವಾಗಿ ಅಗಿದು, ಕೆನ್ನೆಯ ಒಳಬದಿಯಲ್ಲಿ ಇರಿಸಿಕೊಂಡು, ರುಚಿ ತಗ್ಗಿದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಮುಂಚಿನ ಕಾಲು ಗಂಟೆ ಟೀ, ಕಾಫಿ, ನಿಂಬೆ ಪಾನಕ ಕುಡಿಯಬಾರದು.

ದಿನಾಂಕವನ್ನು ಆಯ್ಕೆ ಮಾಡುವಾಗ ಶಿಕ್ಷಕರು ಬೇಸಿಗೆ ರಜೆಯನ್ನು ಇಷ್ಟಪಡುವುದು ಸಹಜ. ವಿಶ್ವ ತಂಬಾಕುರಹಿತ ದಿನವಾದ ಮೇ 31 ಕೂಡ ರಜೆಯ ಕೊನೆಯಲ್ಲಿಯೇ ಬರುತ್ತದೆ. ರಜೆಯಲ್ಲಿ ಬಿಡುವುದು ಸುಲಭ, ಆದರೆ ಶಾಲೆಯ ಹಾದಿಯ ಅಂಗಡಿ, ಬಿಡುವಿನ ವೇಳೆ, ಜೊತೆಗಾರರು ಯಾವುದೂ ಆಗ ಎದುರಾಗಿರುವುದಿಲ್ಲ. ಶಾಲೆ ಮರುತೆರೆಯುವ ವಾರ ಎರಡನೆಯ ಪರೀಕ್ಷೆ ಎಂದು ಮೊದಲೇ ಸಿದ್ಧರಾಗಿರಬೇಕು.

ನಡುವೆ ಒಂದು ಬೀಡಿ ಸೇದಿಬಿಟ್ಟರೆ? ‘ಆದದ್ದಾಯಿತು’ ಎಂದು ಇಡೀ ಕಟ್ಟು ಕೊಳ್ಳುವುದೇ ನಿಜವಾದ ಸೋಲು. ಯಾವ ಜಾಗದಲ್ಲಿ, ಯಾರ ಜೊತೆಯಲ್ಲಿ ಹಾಗಾಯಿತೆಂದು ಬರೆದಿಟ್ಟು ಆ ಕ್ಷಣದಿಂದಲೇ ಮುಂದುವರಿಯಬೇಕು. ಹಲವು ಪ್ರಯತ್ನಗಳ ಬಳಿಕವೇ ಪೂರ್ಣವಾಗಿ ಬಿಟ್ಟವರು ಬಹಳ ಮಂದಿ.

ಪೋಷಕರ ವಿಷಯದಲ್ಲಿ ಎಚ್ಚರಿಕೆ ಬೇಕು. ‘ಬಿಡಬೇಕು ಅಂತಾನೇ ಇದೀನಿ ಮೇಷ್ಟ್ರೇ, ಆಗ್ತಾ ಇಲ್ಲ’ ಎನ್ನುವ ತಂದೆಗೆ ಕ್ಯಾನ್ಸರಿನ ಉಪದೇಶ ಬೇಕಿಲ್ಲ; ಅದನ್ನು ಪೊಟ್ಟಣದ ಚಿತ್ರವೇ ಹೇಳುತ್ತದೆ. ಯಾವ ಹೊತ್ತಿನಲ್ಲಿ ಹೆಚ್ಚು ಕಷ್ಟವಾಗುತ್ತದೆ ಎಂದು ಕೇಳಿ, ಆ ಹತ್ತು ನಿಮಿಷಕ್ಕೆ ಒಂದು ಉಪಾಯವನ್ನು ಅವರೊಂದಿಗೇ ಹುಡುಕಬೇಕು. ‘ನಿಮ್ಮ ಅಪ್ಪ ಸೇದುತ್ತಾರೆಯೇ?’ ಎಂದು ತರಗತಿಯಲ್ಲಿ ಮಗುವನ್ನು ಕೇಳುವುದು ಸಲ್ಲದು. ಆದರೆ ಮಗುವನ್ನೇ ಅಂಗಡಿಗೆ ಕಳುಹಿಸಿ ಬೀಡಿ ತರಿಸುವ ರೂಢಿಯಿದ್ದರೆ ಪೋಷಕರ ಸಭೆಯಲ್ಲಿ ಸ್ಪಷ್ಟವಾಗಿ ಹೇಳಬಹುದು. 2003ರ ತಂಬಾಕು ನಿಯಂತ್ರಣ ಕಾಯಿದೆಯ ಪ್ರಕಾರ 18 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಶಾಲೆಯಿಂದ 100 ಗಜದೊಳಗೆ ಯಾರಿಗೂ ಮಾರುವಂತಿಲ್ಲ.

ತಂಬಾಕು ಪೊಟ್ಟಣಗಳ ಮೇಲೆ 2018ರ ಸೆಪ್ಟೆಂಬರ್‌ನಿಂದ ಮುದ್ರಿತವಾಗುತ್ತಿರುವ 1800-11-2356 ಎಂಬ ಉಚಿತ ಸಂಖ್ಯೆಗೆ ಕರೆಮಾಡಿದರೆ ಆಪ್ತಸಲಹೆ ದೊರೆಯುತ್ತದೆ. ಈ ಸೇವೆಯ ಕೇಂದ್ರಗಳಲ್ಲೊಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದು, ದಕ್ಷಿಣದ ಭಾಷೆಗಳಲ್ಲಿ ಮಾತನಾಡಬಹುದು. ತಮಿಳಿನಲ್ಲಿ ಕಷ್ಟ ಹೇಳಿಕೊಳ್ಳಲು ತಡವರಿಸುವ ನಮ್ಮ ಗಡಿಭಾಗದ ಹಿರಿಯರಿಗೆ, ಅಲ್ಲಿ ಕನ್ನಡದಲ್ಲಿಯೂ ಕೇಳುವವರಿದ್ದಾರೆ ಎಂದು ತಿಳಿಸಿ, ಮೊದಲ ಕರೆಯನ್ನು ಶಿಕ್ಷಕರೇ ಜೊತೆಯಲ್ಲಿ ಕುಳಿತು ಮಾಡಿಸಿಕೊಡಬಹುದು.